ಅಕ್ಕೋರು ಎಣಿಸಿದ ಗಾಜುಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ತುದಿಯನ್ನು ಉಜ್ಜಿ ಚೂಪು ಮಾಡಿಟ್ಟುಕೊಂಡಿದ್ದರು. ಎಲ್ಲಿ ಗಾಜು ಕಂಡರೂ ಆ ಉಗುರು ಅದರ ಮೂಲೆಗೆ ಹೋಗುತ್ತಿತ್ತು. ಬಸ್ಸಿನ ಕಿಟಕಿಯಾಗಲಿ, ಬೇಕರಿಯ ಕಪಾಟಾಗಲಿ, ನನ್ನ ಅಂಗಡಿಯ ಝೆರಾಕ್ಸ್ ಯಂತ್ರದ ಗಾಜಾಗಲಿ, ನಾಲ್ಕೂ ಮೂಲೆ ಸವರಿ ನೋಡಬೇಕು. ಏನೂ ಸಿಗದಿದ್ದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಿಟ್ಟ ಮಾತನ್ನು ಮುಂದುವರಿಸುತ್ತಿದ್ದರು. ಗೊತ್ತಿಲ್ಲದವರು ಇವರಿಗೆ ಧೂಳು ಕಂಡರಾಗುವುದಿಲ್ಲ ಅಂದುಕೊಳ್ಳುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಸೇಡಿನ ಸಾಮಾನು ಅನ್ನುವುದು ನನಗೂ ತಡವಾಗಿಯೇ ತಿಳಿಯಿತು.

ಜಮಖಂಡಿಯ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ನಾವು ಅಕ್ಕೋರು ಅನ್ನುತ್ತಿದ್ದೆವು; ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ದಿನಾ ಬನಹಟ್ಟಿಯಿಂದ ಬಸ್ಸಿಗೆ ಬಂದು ಬಸ್ಸಿಗೇ ಹೋಗುತ್ತಿದ್ದರು. ನಗುವುದು ಕಡಿಮೆ, ಹೊಡೆಯುವುದಂತೂ ಇಲ್ಲವೇ ಇಲ್ಲ. ಆದರೆ ಮರೆಯುತ್ತಿರಲಿಲ್ಲ. ಜೂನಿನಲ್ಲಿ ಕಪ್ಪೆಗೆ ಕಲ್ಲು ಹೊಡೆದ ಒಬ್ಬ ಹುಡುಗನನ್ನು ಫೆಬ್ರುವರಿಯಲ್ಲಿ ಎಬ್ಬಿಸಿ ನಿಲ್ಲಿಸಿ, ಕಪ್ಪೆಯ ಹೃದಯದ ಚಿತ್ರವನ್ನು ಹತ್ತು ಸಲ ಬಿಡಿಸಲು ಹಚ್ಚಿದರು. ಪಾಪ, ಅವನಿಗೆ ಕಲ್ಲು ಹೊಡೆದದ್ದೇ ನೆನಪಿರಲಿಲ್ಲ.

"ನೀ ಮರತರೇನಾತು, ನಾ ಮರತಿಲ್ಲಲ್ಲ," ಎಂದರು ಅಕ್ಕೋರು.

ಸಿಟ್ಟಿನ ಬಗ್ಗೆ ಅವರದೊಂದು ಮಾತಿತ್ತು. "ಸಿಟ್ಟು ಉಪ್ಪಿನಕಾಯಿ ಇದ್ದಂಗ. ಭರಣಿಯೊಳಗ ಮುಚ್ಚಿಟ್ಟರ ವರ್ಷಗಟ್ಲೆ ಬಾಳತೈತಿ. ಹಸೀ ಕೈ ಹಾಕಿದರ ಬೂಸು ಹಿಡೀತೈತಿ." ಇದನ್ನು ಅವರು ಹೇಳುತ್ತಿದ್ದದ್ದು ಹೊಡೆದಾಡಿಕೊಂಡ ಹುಡುಗರಿಗೆ. ಬುದ್ಧಿಮಾತು ಎಂದು ನಾವು ತಿಳಿದಿದ್ದೆವು.

ನಮ್ಮ ಸೀಮೆಯಲ್ಲಿ ಅಡ್ಡಹೆಸರಿನಿಂದ ತಪ್ಪಿಸಿಕೊಂಡವರಿಲ್ಲ. ಯಾವನೋ ಮುತ್ತಜ್ಜ ಉಳ್ಳಾಗಡ್ಡಿ ಮಾರಿದ್ದರೆ ಮರಿಮಗ ಬ್ಯಾಂಕಿನ ಮ್ಯಾನೇಜರನಾದರೂ ಉಳ್ಳಾಗಡ್ಡಿಯೇ. ಅಕ್ಕೋರ ಮನೆತನಕ್ಕೂ ಒಂದು ಅಡ್ಡಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದರಲ್ಲಿ ಗಾಜು ಇತ್ತು, ಕಳ್ಳ ಇತ್ತು, ಅಷ್ಟು ಸಾಕು. ಅಕ್ಕೋರು ತಮ್ಮ ಹೆಸರಿನ ಮುಂದೆ ತಂದೆಯ ಹೆಸರನ್ನಷ್ಟೇ ಬರೆದು ಸುಮ್ಮನಾಗುತ್ತಿದ್ದರು, ಊರ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಊಟದ ಬಿಡುವಿನಲ್ಲಿ ಆ ಅಡ್ಡಹೆಸರನ್ನು ಬೋರ್ಡಿನ ತುಂಬ ಬರೆದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಕೊಟ್ಟಿದ್ದರು, ಗೆಳೆಯರು ಕಿಚಾಯಿಸಿದರು, ಬರೆದೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಅಕ್ಕೋರು ಒಳಗೆ ಬಂದು ಬೋರ್ಡು ನೋಡಿದರು. ಡಸ್ಟರು ತಗೊಂಡು ನಿಧಾನವಾಗಿ ಒರೆಸಿದರು. ಅದೇ ಜಾಗದಲ್ಲಿ ದಾಸವಾಳದ ಹೂವನ್ನು ಬಿಡಿಸಿ ಅದರ ಭಾಗಗಳನ್ನು ಹೇಳಿಕೊಟ್ಟರು. ಯಾರು ಬರೆದದ್ದು ಎಂದು ಕೇಳಲಿಲ್ಲ. ಪಾರಾದೆ ಎಂದು ಆ ಸಂಜೆ ನಾನು ಹಿಗ್ಗಿನಲ್ಲಿ ಮನೆಗೆ ಹೋದೆ.

ಆ ಹೆಸರು ಎಲ್ಲಿಂದ ಬಂತು ಎನ್ನುವುದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಅಷ್ಟೊತ್ತಿಗೆ ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿಯಾಗಿತ್ತು. ಲಗ್ನಪತ್ರಿಕೆ, ಶ್ರದ್ಧಾಂಜಲಿಯ ಬ್ಯಾನರು, ಸೊಸೈಟಿಗಳ ವರದಿ, ಇವೇ ನನ್ನ ಸಾಹಿತ್ಯ. ನಿವೃತ್ತರಾಗಿದ್ದ ಅಕ್ಕೋರು ಒಂದು ಮುಂಜಾನೆ ಕೈಚೀಲ ಹಿಡಿದು ಬಂದರು, ಯಂತ್ರದ ಗಾಜಿನ ಮೂಲೆ ಸವರಿದರು, ಕುರ್ಚಿ ಎಳೆದುಕೊಂಡು ಕೂತರು.

"ತಮ್ಮಾ, ಒಂದು ಯಾದಿ ಮಾಡೂದೈತಿ. ಹಳೇ ಫೋಟೋಗಳದ್ದು. ವರ್ಷಗಟ್ಲೆ ನಡೀತೈತಿ. ಬ್ಯಾಸರ ಮಾಡ್ಕೋಬಾರದು."

"ನಿಮ್ಮ ಕೆಲಸಕ್ಕ ಬ್ಯಾಸರ ಏನ್ರೀ ಅಕ್ಕೋರ," ಎಂದೆ.

ಬಸ್ ಸ್ಟ್ಯಾಂಡಿನ ಸುತ್ತ ಅಂಥ ಅಂಗಡಿಗಳು ಇನ್ನೂ ಐದಾರು ಇದ್ದವು. ನನ್ನ ಅಂಗಡಿಗೇ ಬಂದದ್ದು ಹಳೆಯ ಶಿಷ್ಯನ ಮೇಲಿನ ಅಭಿಮಾನದಿಂದ ಎಂದುಕೊಂಡು ನಾನು ಉಬ್ಬಿಹೋದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬ ಈ ಸೀಮೆಗೆ ಬಂದಿದ್ದ. ಅವನಿಗೆ ಹಕ್ಕಿ, ಹುಳ, ಗಿಡಗಳ ಹುಚ್ಚು. ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿಂದ ಬೀಳಗಿಯ ಗುಡ್ಡದವರೆಗೆ ತಿರುಗಾಡಿ, ಕಂಡದ್ದನ್ನು ಹೊಡೆದು, ಸತ್ತದ್ದನ್ನು ಕಟ್ಟಿ ನಿಲ್ಲಿಸಿ ಫೋಟೋ ತೆಗೆದ. ಆಗ ಫೋಟೋ ಮೂಡುತ್ತಿದ್ದದ್ದು ಗಾಜಿನ ಮೇಲೆ. ಪೆಟ್ಟಿಗೆಗೆ ಹನ್ನೆರಡು ಗಾಜಿನಂತೆ ಹತ್ತು ಪೆಟ್ಟಿಗೆ ತುಂಬಿದವು. ಗಾಜುಗಳನ್ನು ಒರೆಸಿ, ಮೂಲೆಯಲ್ಲಿ ಅಂಕಿ ಗೀರಿ, ಪೆಟ್ಟಿಗೆಯಲ್ಲಿ ಜೋಡಿಸಲು ಅವನು ಜಮಖಂಡಿ ಪೇಟೆಯ ಒಬ್ಬನನ್ನು ಇಟ್ಟುಕೊಂಡಿದ್ದ. ಪೇಟೆಯಲ್ಲಿ ಸೇರು ಹಿಡಿದು ಕಾಳು ಅಳೆಯುವ ಮನೆತನದವನು, ಎಣಿಕೆಯಲ್ಲಿ ಗಟ್ಟಿ, ಕೈ ಶುದ್ಧ ಎಂದು ವ್ಯಾಪಾರಿಗಳೇ ಅವನನ್ನು ತೋರಿಸಿದ್ದರು. ಅವನು ಅಕ್ಕೋರ ಮುತ್ತಜ್ಜ.

ಸಾಹೇಬ ಊರು ಬಿಡುವ ಮುಂದೆ ಪೆಟ್ಟಿಗೆಗಳನ್ನು ತೆರೆದು ನೋಡಿದ. ಗೀರು ಬಿದ್ದು ಕೆಟ್ಟವೆನಿಸಿದ ಕೆಲವು ಗಾಜುಗಳನ್ನು ತೆಗೆದು ಅಡುಗೆಯವನಿಗೆ ಕೊಟ್ಟ. ಉಳಿದವನ್ನು ತನ್ನ ರಿಜಿಸ್ಟರಿನಲ್ಲಿ ಬರೆಯುತ್ತ ಹೋದರೆ, ಪ್ರತಿ ಪೆಟ್ಟಿಗೆಯಲ್ಲೂ ಎರಡರಿಂದ ಹನ್ನೆರಡರವರೆಗೆ ಅಂಕಿಗಳಿವೆ, ಒಂದನೆಯದು ಮಾತ್ರ ಇಲ್ಲ. ಮುತ್ತಜ್ಜನನ್ನು ಕರೆಸಿ ಕೇಳಿದಾಗ, "ಎಲ್ಲಾ ಅದಾವ್ರೀ, ಎಣಿಸೇ ಇಟ್ಟೇನಿ," ಎಂದನಂತೆ. ಸಾಹೇಬ ಮುಂದೆ ಬರೆದ ಪುಸ್ತಕದಲ್ಲಿ ಅವನಿಗೆ ಒಂದೇ ಒಂದು ಸಾಲು ಕೊಟ್ಟಿದ್ದಾನೆ: ಆಳು ಜಾಣ ಕಳ್ಳ, ಯಾರಿಗೂ ಗೊತ್ತಾಗದಿರಲೆಂದು ಪ್ರತಿ ಪೆಟ್ಟಿಗೆಯ ಮೇಲಿನ ಗಾಜನ್ನಷ್ಟೇ ಕದ್ದಿದ್ದಾನೆ. ಆ ಸಾಲಿನ ಝೆರಾಕ್ಸ್ ಪ್ರತಿ ಅಕ್ಕೋರ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು, ಮಡಿಕೆಯಲ್ಲಿ ಹರಿದು ಟೇಪು ಅಂಟಿಸಿಕೊಂಡು.

ಗಾಜಿಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಪೇಟೆಯವರು ಮುತ್ತಜ್ಜನ ಕೈಯಿಂದ ಸೇರು ಕಸಿದುಕೊಂಡರು. ಕಳ್ಳನ ಕೈಯಲ್ಲಿ ಅಳೆಸಿಕೊಳ್ಳುವವರು ಯಾರು? ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬನಹಟ್ಟಿಗೆ ಹೋಗಿ ಮಗ್ಗಕ್ಕೆ ಕೂತ. ಸೇರಿನಲ್ಲಿ ಅಳೆದ ಪದಾರ್ಥ ಇನ್ನು ನಮ್ಮ ಹೊಸ್ತಿಲು ದಾಟಬಾರದು ಎಂದು ಆಣೆ ಇಟ್ಟ. ನಾಲ್ಕು ತಲೆಮಾರು ಆ ಮನೆಗೆ ಎಲ್ಲವೂ ತಕ್ಕಡಿಯಲ್ಲಿ ತೂಗಿಯೇ ಬಂತು. ಅಕ್ಕೋರು ಚುರುಮುರಿ ತಿಂದದ್ದನ್ನು ನಾವು ಯಾರೂ ನೋಡಿರಲಿಲ್ಲ, ಯಾಕೆಂದರೆ ಚುರುಮುರಿ ನಮ್ಮ ಕಡೆ ಇಂದಿಗೂ ಸೇರಿನ ಲೆಕ್ಕದ್ದು. ಶಿಕ್ಷಕರ ದಿನ ಎಲ್ಲರೂ ಚುರುಮುರಿ ಮೆಲ್ಲುವಾಗ ಅವರು ಬರೀ ಚಹಾ ಕುಡಿದು ಏಳುತ್ತಿದ್ದರು. ನಾವು ಅದಕ್ಕೂ ಒಂದು ಹಾಸ್ಯ ಕಟ್ಟಿದ್ದೆವು.

ಸಾಹೇಬ ಸಂಸ್ಥಾನಕ್ಕೆ ಬಿಟ್ಟುಹೋದ ಗಾಜುಗಳಲ್ಲಿ ಒಡೆಯದೆ ಉಳಿದವು ಅರವತ್ತನಾಲ್ಕು. ಈಗ ಅವು ಊರಿನ ಒಂದು ಸ್ಮಾರಕ ಸಮಿತಿಯ ಕಪಾಟಿನಲ್ಲಿವೆ. ಅವುಗಳ ಯಾದಿ, ಅಂದರೆ ಪಟ್ಟಿ, ಮಾಡಿಕೊಡುತ್ತೇನೆ ಎಂದು ಅಕ್ಕೋರು ತಾವಾಗಿಯೇ ಮುಂದೆ ಬಂದಿದ್ದರು. ಬಿಳಿ ಹಾಳೆಯ ಮೇಲೆ ಗಾಜು ಹಿಡಿದು, ಯಾವ ಹಕ್ಕಿ, ಯಾವ ಊರು, ಹಕ್ಕಿಯನ್ನು ಹಿಡಿದು ನಿಂತವನು ಯಾರು ಎಂದು ಬರೆಯುವರು. ಎರಲಡ್ಡು, ಗೌಜಲಕ್ಕಿ, ಬೆಳ್ಳಕ್ಕಿ ಗುರುತಿಸಲು ಅವರಿಗೆ ಒಂದು ಕ್ಷಣ ಸಾಕು. ಹಿಡಿದು ನಿಂತವನ ಹೆಸರಿಗಾಗಿ ತುಬಚಿಗೋ ಚಿಮ್ಮಡಕ್ಕೋ ಮೂರು ಸಲ ಹೋಗಿ ಬಂದದ್ದುಂಟು. ಸಾಹೇಬನ ಪುಸ್ತಕದಲ್ಲಿ ಹಕ್ಕಿಗೆ ಎರಡೆರಡು ಹೆಸರು, ಮನುಷ್ಯನಿಗೆ ಒಂದೂ ಇರಲಿಲ್ಲ.

ಇದೆಲ್ಲ ಮೇಲಿನ ಕೆಲಸ. ಒಳಗಿನ ಕೆಲಸ, ಆ ಹತ್ತು ಒಂದನೆಯ ಗಾಜುಗಳನ್ನು ಹುಡುಕುವುದು. ಕದ್ದವನು ಬೇರೆ ಇದ್ದಾನೆ, ಗಾಜು ಸಿಕ್ಕರೆ ಅವನ ವಂಶ ಸಿಗುತ್ತದೆ, ಸಿಕ್ಕ ದಿನ ಆ ಅಡ್ಡಹೆಸರನ್ನು ಬಿಚ್ಚಿ ಅವರ ಕೊರಳಿಗೆ ಕಟ್ಟುತ್ತೇನೆ ಎನ್ನುವುದು ಅವರ ಹಟ. ಪಟಗಳಿಗೆ ಕಟ್ಟು ಹಾಕುವ ಮುದುಕನೊಬ್ಬ ಅವರಿಗೆ ಒಂದು ಸುಳಿವು ಕೊಟ್ಟಿದ್ದ: ಸಾಹೇಬರ ಕಾಲದ ಗಾಜನ್ನು ಸೋಡಾದಲ್ಲಿ ಕುದಿಸಿ, ತಿಕ್ಕಿ, ದೇವರ ಪಟಕ್ಕೆ ಹಾಕುತ್ತಿದ್ದರಂತೆ. ಅಂದಿನಿಂದ ಅಕ್ಕೋರು ಜಮಖಂಡಿ, ಮುಧೋಳ, ಬೀಳಗಿ, ರಬಕವಿಯ ಹಳೆಯ ಮನೆಗಳ ದೇವರ ಜಗಲಿ ಹೊಕ್ಕರು. ಪಟ ಇಳಿಸಿ, ಕಟ್ಟಿನ ಸಂದಿಗೆ ಆ ಉಗುರು ತೂರಿಸಿ ಮೂಲೆ ಸವರುವರು. ಹಳೆಯ ಗಾಜು ಸಿಕ್ಕರೆ ಕೇಳಿ ತೆಗೆದುಕೊಂಡು ಹೊಸದನ್ನು ಹಾಕಿಸಿಕೊಡುವರು. ಮುಧೋಳದ ಒಂದು ಮನೆಯಲ್ಲಿ ಇವರ ಭಕ್ತಿ ಕಂಡು ಮನೆಯಾಕೆ ಕಣ್ಣೀರು ತಂದುಕೊಂಡು ಉಡಿ ತುಂಬಿದಳು.

"ಪಾಪದಾಕಿ ತಮ್ಮಾ," ಎಂದು ಉಡಿಯ ಕೊಬ್ಬರಿಯನ್ನು ನನಗೂ ಕೊಡುತ್ತ ಹೇಳಿದರು. "ನಾ ದೇವರ ಮುಂದ ನಿಂತು ಏನ ಬೇಡಿಕೊಳ್ಳಾಕತ್ತಿದ್ದೆ ಅಂತ ಗೊತ್ತಾಗಿದ್ದರ ಕಸಬರಗಿ ತಗೋತಿದ್ಲು."

ಹೀಗೆ ಎಂಟು ಗಾಜು ಸಿಕ್ಕವು. ಅಳತೆ ಅದೇ, ದಪ್ಪ ಅದೇ. ಮೂರರಲ್ಲಿ ಫೋಟೋದ ಮಸುಕು ಇನ್ನೂ ಉಳಿದಿತ್ತು. ಆದರೆ ಯಾವುದರ ಮೂಲೆಯಲ್ಲೂ ಒಂದು ಎಂಬ ಅಂಕಿ ಇರಲಿಲ್ಲ, ಬರೀ ಮೂರು ಅಡ್ಡ ಗೀರು. ಸಾಹೇಬ ಕೆಟ್ಟವೆಂದು ಅಡುಗೆಯವನಿಗೆ ಕೊಟ್ಟ ಗಾಜುಗಳೇ ಇವು ಎಂದು ಅಕ್ಕೋರಿಗೆ ತಿಳಿದುಹೋಯಿತು. ಎಂಟನ್ನೂ ಬನಹಟ್ಟಿಯ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ನನ್ನ ಅಂಗಡಿಯ ಮೇಜಿನಲ್ಲಿ ಇಡಿಸಿದರು. ಯಾದಿಯ ಕೊನೆಯಲ್ಲಿ "ಅಂಕಿ ಇಲ್ಲದವು" ಎಂದು ಬರೆಸಿದರು. ಅಂದು ಅವರ ಮುಖ ನೋಡಲಾಗಲಿಲ್ಲ.

ಒಂದು ದಿನ ರಬಕವಿಯಲ್ಲಿ ಪಟವೊಂದನ್ನು ನೋಡಿ ಬರಿಗೈಯಲ್ಲಿ ಬರುತ್ತ, ಬನಹಟ್ಟಿಯ ಸಂತೆಯಲ್ಲಿ ನಾನು ಮನೆಗೆ ಚುರುಮುರಿ ಕೊಳ್ಳಲು ನಿಂತೆ. ಮಾರುವ ಮುದುಕಿ ಸೇರನ್ನು ಹಣೆಗೆ ಮುಟ್ಟಿಸಿಕೊಂಡು ಅಳೆಯತೊಡಗಿದಳು. "ಲಾಭ... ಎರಡು... ಮೂರು... ನಾಕು..."

ಅಕ್ಕೋರು ಮುಂದೆ ಬಂದರು. "ಏನಂದ್ರಿ? ಇನ್ನೊಮ್ಮೆ ಎಣಸ್ರಿ."

"ಯಾಕ್ರೀ ಬಾಯಾರ, ಕಡಿಮಿ ಹಾಕೀನಿ ಅಂತ ಸಂಶೇನ್ರೀ?"

"ಇಲ್ಲಬೇ ಯವ್ವಾ. ಮೊದಲನೇದಕ್ಕ ಒಂದು ಅಂತ ಯಾಕ ಅನಲಿಲ್ಲ?"

ಮುದುಕಿ ಇವರನ್ನು ಮೇಲಿಂದ ಕೆಳಗೆ ನೋಡಿದಳು. "ಯಾ ಊರಾವ್ರೀ ನೀವು? ಮೊದಲನೇ ಸೇರಿಗೆ ಯಾರರ ಒಂದು ಅಂತಾರೇನ್ರೀ? ಲಾಭ ಅನಬೇಕು. ರಾಶಿ ಮುಂದಾದರ ಮೊದಲನೇದಕ್ಕ ಮೂರು ಬೆರಳ ಇಬತ್ತಿ ಎಳೀತಾರ. ಅಂಕಿ ಎರಡರಿಂದ ಸುರು."

ಇಡೀ ಸಂತೆಗೆ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು, ಚಿಕ್ಕವನಿದ್ದಾಗಿನಿಂದ ಕೇಳಿದ್ದೇ. ಸಾಹೇಬ, ಗಾಜು, ಅಂಕಿ ಎಂದು ಓದಿದ ತಲೆಗಳೆರಡೂ ಸಂತೆಯ ಮಾತನ್ನು ಅದಕ್ಕೆ ಜೋಡಿಸಿ ನೋಡಿರಲಿಲ್ಲ. ಅಕ್ಕೋರ ಮನೆಯಲ್ಲಂತೂ ಆಣೆಯ ದೆಸೆಯಿಂದ ನಾಲ್ಕು ತಲೆಮಾರು ಯಾರೂ ಸೇರು ಎತ್ತಿರಲಿಲ್ಲ, ಯಾರ ಬಾಯಲ್ಲೂ ಆ ಎಣಿಕೆ ಬಂದಿರಲಿಲ್ಲ. ಕಾಳು ಅಳೆಯುವವನು ಗಾಜನ್ನೂ ಕಾಳಿನಂತೆಯೇ ಎಣಿಸಿದ್ದ. ಪ್ರತಿ ಪೆಟ್ಟಿಗೆಯ ಮೊದಲ ಗಾಜಿಗೆ ವಿಭೂತಿಯ ಮೂರು ಗೀರು ಎಳೆದು ಲಾಭ ಎಂದಿದ್ದ, ಅಂಕಿಯನ್ನು ಎರಡರಿಂದ ಹಾಕಿದ್ದ. ಆ ಗೀರಿನ ಗಾಜುಗಳನ್ನೇ ಸಾಹೇಬ ಕೆಟ್ಟವೆಂದು ತನ್ನ ಕೈಯಾರೆ ಅಡುಗೆಯವನಿಗೆ ಕೊಟ್ಟು, ಆಮೇಲೆ ಕಳವಾದವು ಎಂದು ಬರೆದಿದ್ದ.

ಅಕ್ಕೋರು ಸಂತೆಯ ನಡುವೆ ನಿಂತೇ ಇದ್ದರು. ತಲೆ ತಿರುಗಿತೇನೋ ಎಂದು ನಾನು ತೋಳು ಹಿಡಿದೆ.

"ಅಂವ ಕದ್ದಿಲ್ಲ ತಮ್ಮಾ," ಎಂದರು. ಮತ್ತೆ, "ಯಾರೂ ಕದ್ದಿಲ್ಲ. ಸಾಹೇಬಗ ಎಣಸಾಕ ಬರ್ತಿರಲಿಲ್ಲ."

ಆಮೇಲೆ ಚೀಲದ ಬಾಯಿ ತೆರೆದು ಮುದುಕಿಯ ಮುಂದೆ ಹಿಡಿದರು. "ಎರಡ ಸೇರು ನನಗೂ ಹಾಕ್ರಿ. ಎಣಿಕಿ ಜೋರಾಗಿ ಹೇಳ್ರಿ."

ಮನೆ ಅದೇ ಊರಿನಲ್ಲಿದ್ದರೂ ನನ್ನ ಜೊತೆ ಜಮಖಂಡಿಯ ಬಸ್ಸು ಹತ್ತಿ, ಕೂತು ತಿಂದರು. ಅರವತ್ತೇಳನೆಯ ವಯಸ್ಸಿನಲ್ಲಿ ಅವರ ಬಾಯಿಗೆ ಬಿದ್ದ ಮೊದಲ ಚುರುಮುರಿ. ಕಣ್ಣೀರು ಬರಬಹುದೆಂದು ನಾನು ಕಾದೆ, ಬರಲಿಲ್ಲ. ಚುರುಮುರಿ ತಿನ್ನುತ್ತಲೇ ಅವರು ಮುಂದಿನದನ್ನು ಯೋಚಿಸುತ್ತಿದ್ದರು.

ಸಮಿತಿಯ ಅಧ್ಯಕ್ಷರ ಬಗ್ಗೆ ಒಂದಾದರೂ ಒಳ್ಳೆಯದನ್ನು ಬರೆಯಬೇಕೆಂದು ಎರಡು ದಿನ ಯೋಚಿಸಿದೆ, ಸಿಗಲಿಲ್ಲ. ನಿವೃತ್ತ ಪ್ರಾಧ್ಯಾಪಕರು. ಸಾಹೇಬನ ಮೇಲೆ ಒಂದು ಕಿರುಪುಸ್ತಕ ಬರೆದು ಆ ಕಳ್ಳತನದ ಸಾಲನ್ನು ಕನ್ನಡಕ್ಕೆ ತಂದವರು ಇವರೇ. ಅಕ್ಕೋರು ಎಂಟು ಗಾಜುಗಳನ್ನೂ ಸಾಹೇಬನ ರಿಜಿಸ್ಟರಿನ ಪ್ರತಿಯನ್ನೂ ಅವರ ಮೇಜಿನ ಮೇಲೆ ಹರಡಿ ವಿಷಯ ಹೇಳಿದಾಗ ನಾನೂ ಅಲ್ಲಿದ್ದೆ.

"ಛಲೋ ಊಹೆ ಐತ್ರಿ ಬಾಯಾರ," ಎಂದರು ಅಧ್ಯಕ್ಷರು. "ಒಂದು ಅಡಿಟಿಪ್ಪಣಿ ಹಾಕೋಣಂತ. ಸಾಹೇಬರು ದೊಡ್ಡವರು, ಒಂದು ಸಾಲು ಅತ್ಲಾಗ ಇತ್ಲಾಗ ಆಗಿರತೈತಿ. ಈಗ ಅದನ್ನ ಕೆದರಿ ಏನ ಮಾಡೂದೈತಿ?"

"ನಿಮ್ಮ ಮನಿತನಕ್ಕ ಆ ಹೆಸರು ಇದ್ದಿದ್ದರ ಅಡಿಟಿಪ್ಪಣಿ ಸಾಕಾಗ್ತಿತ್ತೇನ್ರಿ?"

ಅಧ್ಯಕ್ಷರು ಮಾತು ಬದಲಿಸಿದರು. ಒಂದು ಫೋಟೋದಲ್ಲಿ ಸಾಹೇಬನ ತಲೆಯ ಮೇಲೆ ಕೊಡೆ ಹಿಡಿದು ನಿಂತವರು ಅಧ್ಯಕ್ಷರ ಮುತ್ತಜ್ಜ. ಯಾದಿಯಲ್ಲಿ ಅವರನ್ನು ಊರ ಗಣ್ಯರು ಎಂದು ಹಾಕಬೇಕು, ಕೊಡೆಯ ಮಾತು ಬೇಡ ಎಂದರು.

"ಕೊಡಿ ಹಿಡದಾರ, ಕೊಡಿ ಅಂತ ಬರದೇನಿ," ಎಂದು ಅಕ್ಕೋರು ಗಾಜುಗಳನ್ನು ಸೀರೆಯ ತುಂಡಿನಲ್ಲಿ ಸುತ್ತತೊಡಗಿದರು.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು, ಯಾದಿಯನ್ನು ಮೊದಲಿನಿಂದ ತೆರೆಸಿದರು. ಮೊದಲ ಫೋಟೋದ ಅಂಕಿ ತೆಗೆಸಿ ಅಲ್ಲಿ "ಲಾಭ" ಎಂದು ಹಾಕಿಸಿದರು. ಕಂಪ್ಯೂಟರು ಹಟ ಹಿಡಿದು ತಾನಾಗಿ ಮತ್ತೆ ಮತ್ತೆ ಒಂದು ಎಂದೇ ತೋರಿಸುತ್ತಿತ್ತು, ಅಂಕಿಗಳನ್ನೆಲ್ಲ ಕೈಯಿಂದಲೇ ಹೊಡೆದು ಗೆದ್ದೆವು. ಆಮೇಲೆ ಛಾಯಾಗ್ರಾಹಕ ಎನ್ನುವ ಕಾಲಮಿಗೆ ಬಂದರು. ಅಲ್ಲಿ ಸಾಹೇಬನ ಉದ್ದನೆಯ ಹೆಸರು, ಪದವಿಗಳು ಇದ್ದವು.

"ತೆಗಿ ಅದನ್ನ. 'ಎಣಿಕೆ ಬಾರದ ಸಾಹೇಬ' ಅಂತ ಹೊಡಿ."

"ಎಲ್ಲಾ ಕಡೀನೂ ಏನ್ರೀ ಅಕ್ಕೋರ?"

"ಎಪ್ಪತ್ತೆರಡೂ ಕಡೆ. ಅಂವ ನಮಗ ಒಂದು ಹೆಸರ ಕೊಟ್ಟ, ನಾಲ್ಕು ತಲಿ ಹೊತ್ತೀವಿ. ಈಗ ನಾ ಅವಗ ಒಂದು ಕೊಡತೇನಿ, ಹೊರಲಿ."

ಸತ್ತವನ ಮೇಲೆ ಇಷ್ಟು ಹಗೆ ಬೇಕೇ, ಕ್ಷಮಿಸಿಬಿಡಬಾರದೇ ಎಂದು ನಾನು ದೊಡ್ಡ ಮನುಷ್ಯನಂತೆ ಕೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಕ್ಷಮಾ ಮಾಡೂದು ದೊಡ್ಡವರ ಕೆಲಸ ತಮ್ಮಾ. ನಾ ಕಾಳ ಅಳಿಯೋ ಮನಿತನದಾಕಿ. ಎಷ್ಟು ಬಂದೈತಿ ಅಷ್ಟು ತಿರುಗಿ ಅಳೀತೇನಿ, ಒಂದ ಕಾಳ ಹೆಚ್ಚಲ್ಲ, ಒಂದ ಕಾಳ ಕಡಿಮಿ ಅಲ್ಲ," ಎಂದರು. ಆ ನೋಟ ಯಾಕೆ ಅಷ್ಟು ಉದ್ದವಿತ್ತು ಎಂದು ನಾನು ಯೋಚಿಸಬೇಕಿತ್ತು.

ಎಂಟು ಗಾಜುಗಳನ್ನು ಸಮಿತಿಗೆ ಕೊಡಲು ಅವರು ಒಂದು ಕರಾರು ಬರೆದಿಟ್ಟರು: ಯಾದಿ ಒಂದಕ್ಷರ ಬದಲಾಗದೆ ಅಚ್ಚಾದರೆ ಗಾಜು ಸಮಿತಿಗೆ, ಇಲ್ಲದಿದ್ದರೆ ನನ್ನ ಅಂಗಡಿಯಲ್ಲೇ ಇರಲಿ. ಕೊನೆಯ ಪ್ರೂಫನ್ನು ಮನೆಗೆ ಒಯ್ದು ತಿದ್ದಿ, ಲಕೋಟೆಯಲ್ಲಿ ಹಾಕಿ ತಂದುಕೊಟ್ಟರು. ಮೂರನೆಯ ದಿನ ಬನಹಟ್ಟಿಯಿಂದ ಫೋನು ಬಂತು. ಬೆಳಗಿನ ಚಹಾ ಕುಡಿದು ಕೂತಲ್ಲೇ ಹೋಗಿಬಿಟ್ಟಿದ್ದರು. ಮಣ್ಣಿಗೆ ಹೋದೆ. ಹಿಡಿ ಮಣ್ಣು ಹಾಕುವಾಗ ಅವರ ಆ ಉಗುರು ನೋಡಿದೆ. ಯಾರೂ ಕತ್ತರಿಸಿರಲಿಲ್ಲ.

ವಾರ ಕಳೆಯುವುದರೊಳಗೆ ಅಧ್ಯಕ್ಷರು ಅಂಗಡಿಗೆ ಬಂದರು. "ಬಾಯಾರು ಹೋದರು, ಪಾಪ. ಆ ಕಾಲಮಿಗೆ ಸಾಹೇಬರ ಹೆಸರು ಹಾಕಿಬಿಡ್ರಿ. ನಿಮಗೇನು, ಒಂದ ಗುಂಡಿ ಒತ್ತೂದು."

ಅದು ಖರೆ. ಹುಡುಕಿ ಬದಲಿಸು ಎಂದರೆ ಎಪ್ಪತ್ತೆರಡೂ ಕಡೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬದಲಾಗುತ್ತಿತ್ತು.

"ಆಗಂಗಿಲ್ರೀ," ಎಂದೆ. "ಬೇಕಾದ್ರ ಗಾಜು ಬಿಡ್ರಿ."

ಅವರಿಗೆ ಗಾಜು ಬೇಕಿತ್ತು, ಪ್ರದರ್ಶನಕ್ಕೆ ದೊಡ್ಡವರನ್ನು ಕರೆದಾಗಿತ್ತು. ಗೊಣಗುತ್ತ ಒಪ್ಪಿಕೊಂಡು ಹೋದರು. ಅವರು ಮೆಟ್ಟಿಲು ಇಳಿಯುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಮುತ್ತಜ್ಜನಿಂದ ಕಸಿದ ಸೇರನ್ನು ನಾನೇ ಮರಳಿ ತಂದುಕೊಟ್ಟೆನೇನೋ ಎನಿಸಿತು.

ಅದೇ ಉಬ್ಬಿನಲ್ಲಿ ಲಕೋಟೆ ಒಡೆದು ಪ್ರೂಫಿನ ಹಾಳೆಗಳನ್ನು ತಿರುವಿದೆ. ಅಲ್ಲೊಂದು ಇಲ್ಲೊಂದು ತಿದ್ದುಪಡಿ, ಕೆಂಪು ಶಾಯಿಯಲ್ಲಿ, ಅದೇ ಸಾಲಿಯ ಅಕ್ಷರ. ಹೊದಿಕೆಯ ಹಾಳೆಯಲ್ಲಿ ತಮ್ಮ ಹೆಸರಿನ ಮುಂದೆ, ಗಾಜಿನ ಹೆಸರು ಅಂಟುವುದಕ್ಕಿಂತ ಮೊದಲು ಆ ಮನೆತನಕ್ಕಿದ್ದ, ಕಾಳು ಅಳೆಯುವವರ ಅಡ್ಡಹೆಸರನ್ನು ಸೇರಿಸಿದ್ದರು. ಕೊನೆಯ ಹಾಳೆಯಲ್ಲಿ "ಅಕ್ಷರ ಜೋಡಣೆ" ಎಂದು ನಾನು ನನ್ನ ಹೆಸರನ್ನು ಸ್ವಲ್ಪ ದಪ್ಪಕ್ಷರದಲ್ಲೇ ಹಾಕಿಕೊಂಡಿದ್ದೆ. ಅದರ ಮೇಲೆ ಒಂದು ಕೆಂಪು ಗೆರೆ ಎಳೆದಿದ್ದರು. ಪಕ್ಕದಲ್ಲಿ ಬರೆದಿದ್ದರು: "ಬೋರ್ಡಿನ ಮೇಲೆ ಬರೆದವನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ನಾನು ಸುತ್ತ ನೋಡಿದೆ. ಮೂವತ್ತು ವರ್ಷಕ್ಕೂ ಮೇಲೆ ಅವರಿಗೆ ಗೊತ್ತಿತ್ತು. ನೂರಾರು ನೋಟುಬುಕ್ಕು ತಿದ್ದಿದವರಿಗೆ ನನ್ನ ಅಕ್ಷರ ಗೊತ್ತಾಗದೆ ಇದ್ದೀತೇ? ಅದಕ್ಕೇ ಐದಾರು ಅಂಗಡಿ ಬಿಟ್ಟು ನನ್ನಲ್ಲಿಗೆ ಬಂದಿದ್ದರು. ಆರು ವರ್ಷ ಅವರ ಮುತ್ತಜ್ಜನ ಮಾನವನ್ನು ಒಂದೊಂದೇ ಅಕ್ಷರವಾಗಿ ನನ್ನ ಬೆರಳಿನಿಂದಲೇ ಜೋಡಿಸಿಕೊಂಡಿದ್ದರು. ಕಪ್ಪೆಗೆ ಕಲ್ಲು ಹೊಡೆದ ಹುಡುಗ ನೆನಪಾದ.

ಆ ಸಾಲನ್ನು ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ನೋಡಿದವನು ನಾನೊಬ್ಬನೇ. ಅಧ್ಯಕ್ಷರ ಎದುರು ಒಂದಕ್ಷರವೂ ಬದಲಾಗದು ಎಂದು ಎದೆ ಸೆಟೆಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೂತು, ನನ್ನ ಹೆಸರು ಅಳಿಸಿ, ಅವರು ಬರೆದದ್ದನ್ನೇ ಹೊಡೆದೆ. ದಪ್ಪಕ್ಷರವನ್ನು ಹಾಗೇ ಬಿಟ್ಟೆ.

ಪ್ರದರ್ಶನವಾಗಿ ಈಗ ವರ್ಷ ಕಳೆದಿದೆ. ಸಾಲಿ ಹುಡುಗರು ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ಎಣಿಕೆ ಬಾರದ ಸಾಹೇಬ, ಎಣಿಕೆ ಬಾರದ ಸಾಹೇಬ ಎಂದು ಓದಿ ನಗುತ್ತಾರೆ. ಸಾಹೇಬನ ನಿಜವಾದ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಇಲ್ಲ. ನನ್ನದೂ ಅಂಟುತ್ತಿದೆ. ಪಕ್ಕದ ಚಹಾದಂಗಡಿಯವನು ಆಗಲೇ ಹಾಗೆ ಕರೆಯತೊಡಗಿದ್ದಾನೆ, ನನ್ನ ಮರಿಮಕ್ಕಳವರೆಗೂ ಹೋದೀತು. ಯಾದಿ ಓದಿದವರು ಅಂಗಡಿಗೆ ಬಂದು ಕೇಳುತ್ತಾರೆ: "ಬೋರ್ಡಿನ ಮ್ಯಾಲ ಬರದಾಂವ ಅಂದ್ರ ಯಾರ್ರೀ?"

"ನಾನ ರೀ," ಅನ್ನುತ್ತೇನೆ.

ಏನು ಬರೆದಿದ್ದಿರಿ ಎಂದು ಕೇಳುತ್ತಾರೆ. ಅದನ್ನು ಹೇಳುವುದಿಲ್ಲ.